ಲಾಂಚಿನ ಮೇಲೆ ನಿಲ್ಲದ ಜನ

ಲಾಂಚು ಚೆನ್ನಾಗಿಯೇ ತೇಲುತ್ತಿತ್ತು. ತೊಂದರೆಯೆಲ್ಲ ಅದರ ಮೇಲಿದ್ದ ಜನರದ್ದು. ಅಲೆ ಬಂದಾಗ ಲಾಂಚು ಒಂದಿಷ್ಟು ಏಳುವುದು, ಜನ ಇನ್ನೊಂದಿಷ್ಟು ಏಳುವರು. ಒಮ್ಮೆ ಅವರ ಪಾದಗಳು ಹಲಗೆಯೊಳಗೆ ಹೂತುಹೋದರೆ, ಮರುಕ್ಷಣ ಹಲಗೆಗೂ ಪಾದಕ್ಕೂ ನಡುವೆ ಒಂದು ಗೇಣು ಬಯಲು. ಬುಟ್ಟಿ ಹೊತ್ತ ಹೆಂಗಸು, ಸೈಕಲ್ ಹಿಡಿದವನು, ಪೇಪರ್ ಓದುವ ಮುದುಕ, ಎಲ್ಲರೂ ಏನೂ ಆಗಿಲ್ಲವೆಂಬ ಮುಖ ಮಾಡಿಕೊಂಡು ಗಾಳಿಯಲ್ಲಿ ನಡುಗುತ್ತ ನದಿ ದಾಟುತ್ತಿದ್ದರು.

"ಭೂತಗಳ ಲಾಂಚು," ಎಂದ ಮಿಹಿರ್, ನನ್ನ ಕುರ್ಚಿಯ ಹಿಂದೆ ನಿಂತು ಪರದೆಯನ್ನು ನೋಡುತ್ತ. "ರೊಕ್ಖಾ ದೀ, ನಮ್ಮದು ದೆವ್ವದ ಆಟ ಅಲ್ಲ. ಒಬ್ಬಳು ಮುದುಕಿ ತನ್ನ ಕೊಡೆ ಹುಡುಕೋ ಆಟ."

"ಸರಿ ಮಾಡ್ತೀನಿ," ಎಂದೆ.

"ಹೋದ ವಾರಾನೂ ಇದೇ ಹೇಳಿದ್ರಿ. ಶನಿವಾರದ ಓದಿನ ಹೊತ್ತಿಗೆ ಆಗಲಿಲ್ಲ ಅಂದ್ರೆ ಲಾಂಚನ್ನ ದಡದ ಘಾಟಿಗೆ ಕಟ್ಟಿಹಾಕಿಬಿಡೋಣ. ಮುದುಕಿ ಬಸ್ಸು ಹತ್ತಿ ಬ್ರಿಡ್ಜ್ ಮೇಲೆ ಹೋಗ್ಲಿ."

ಅವನು ನಗುತ್ತಲೇ ಹೇಳಿದ. ನನಗಿಂತ ಐದಾರು ವರ್ಷ ಚಿಕ್ಕವನು, ಆದರೆ ಸ್ಟುಡಿಯೊ ಅವನದು. ಬಿಬಿಡಿ ಬಾಗ್ ಎಂಬ ಕಚೇರಿಗಳ ಪೇಟೆಯ ಹಿಂದಿನ ಗಲ್ಲಿಯಲ್ಲಿ, ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನಾವು ನಾಲ್ಕೈದು ಜನ ಕೂತು ಮೊಬೈಲಿನ ಆಟ ಮಾಡುತ್ತೇವೆ. ಬಂಗಾಳಿ, ಹಿಂದಿ, ಇಂಗ್ಲಿಷ್ ಕಲಸಿಕೊಂಡು ಮಾತಾಡುತ್ತೇವೆ. ನನ್ನ ಹೆಸರು ಶ್ರೀರಕ್ಷಾ. ಅವರ ಬಾಯಲ್ಲಿ ಅದು ರೊಕ್ಖಾ. ನಾನು ತಿದ್ದುವುದನ್ನು ಬಿಟ್ಟು ಬಹಳ ಕಾಲವಾಯಿತು.

ನನ್ನನ್ನು ತೆಗೆದುಕೊಂಡಿದ್ದೇ ಈ ಲಾಂಚಿಗಾಗಿ. ತಿಂಗಳ ಕೊನೆಗೆ ನನ್ನ ಕರಾರು ಮುಗಿಯುತ್ತಿತ್ತು. ಲಾಂಚು ಆಟದಲ್ಲಿ ಉಳಿದರೆ ನಾನೂ ಉಳಿಯುವೆ, ಇಲ್ಲವಾದರೆ ಇಲ್ಲ. ಮಿಹಿರ್ ಇದನ್ನು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ್ದ.

ಅದೇ ತಿಂಗಳ ಕೊನೆಗೆ ನನ್ನ ಅಪ್ಪನೂ ನಿವೃತ್ತರಾಗುವವರಿದ್ದರು. ಹೌರಾದ ರೈಲ್ವೆ ಲೆಕ್ಕಪತ್ರ ಕಚೇರಿಯಲ್ಲಿ ಅವರ ಕೆಲಸ. ಅವ್ವ ತೀರಿಕೊಂಡ ಮೇಲೆ ಕ್ವಾರ್ಟರ್ಸಿನಲ್ಲಿ ಇರುವವರು ನಾವಿಬ್ಬರೇ. ಕ್ವಾರ್ಟರ್ಸ್ ಬಿಡಬೇಕು. ಅಪ್ಪ ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕ ವಸುಂಧರಾಳ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ನಾನು ಎಲ್ಲಿಗೆ ಎನ್ನುವುದು ಮಾತ್ರ ಆಗಿರಲಿಲ್ಲ. ಅದು ಆ ಲಾಂಚಿನ ಜನರ ಪಾದಕ್ಕೆ ಅಂಟಿಕೊಂಡಿತ್ತು.

*

ನಾನು ಇಂಜಿನಿಯರ್ ಅಲ್ಲ. ಬಿ.ಕಾಂ. ಮಾಡಿ ಚಹಾ ಹರಾಜಿನ ಏಜೆಂಟರೊಬ್ಬರ ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದೆ. ಸಂಜೆ ಧರ್ಮತಲಾದ ಕ್ಲಾಸಿಗೆ ಹೋಗಿ ಆಟ ಮಾಡುವುದನ್ನು ಕಲಿತೆ. ಅಲ್ಲಿ ಕೋಡ್ ಬರೆಯುವುದನ್ನು ಕಲಿಸಲಿಲ್ಲ. ಪರದೆಯ ಮೇಲೆ ಪೆಟ್ಟಿಗೆಗಳನ್ನು ಇಟ್ಟು, ಒಂದರಿಂದ ಇನ್ನೊಂದಕ್ಕೆ ತಂತಿ ಎಳೆದು ಕೆಲಸ ಮಾಡಿಸುವುದನ್ನು ಕಲಿಸಿದರು. ಕೂಡುವುದಕ್ಕೊಂದು ಪೆಟ್ಟಿಗೆ, ಗುಣಿಸುವುದಕ್ಕೊಂದು ಪೆಟ್ಟಿಗೆ, ಚಲಿಸು ಎನ್ನುವುದಕ್ಕೊಂದು ಪೆಟ್ಟಿಗೆ. ನನಗೆ ಅದು ಒಗ್ಗಿತು. ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಹೊಲಿಗೆಯ ಹಿಂಬದಿಯನ್ನು ನೋಡಿದಂತೆ, ದಾರ ಎಲ್ಲಿಂದ ಬಂದು ಎಲ್ಲಿಗೆ ಹೋಯಿತೆಂದು ಬೆರಳಿಟ್ಟು ಹೇಳಬಹುದಿತ್ತು.

ಸ್ಟುಡಿಯೊದಲ್ಲಿ ನಾನು ಮೊದಲು ಲಾಂಚನ್ನು ಹಾಗೆಯೇ ಮಾಡಿದ್ದೆ. ಅಲೆಯ ಎತ್ತರ, ವೇಗ, ಸಾಗಿದ ಕಾಲ, ಗಾಳಿಯ ಹೊಡೆತ, ಒಂದೊಂದಕ್ಕೂ ಬೇರೆ ಪೆಟ್ಟಿಗೆ, ನಡುವೆ ತಂತಿಗಳ ಸಿಕ್ಕು. ಮಿಹಿರ್ ಅದನ್ನು ನೋಡಿ, "ಬಾಪ್‌ರೇ, ಬೋಬಜಾರಿನ ಕರೆಂಟ್ ಕಂಬ!" ಎಂದಿದ್ದ. ಎಲ್ಲರೂ ಎದ್ದು ಬಂದು ನೋಡಿ ನಕ್ಕಿದ್ದರು. ಕೆಟ್ಟ ನಗು ಅಲ್ಲ. ಆದರೆ ಮನೆಗೆ ಬಂದು ಅನ್ನ ಕಲಸುವಾಗಲೂ ನನಗೆ ಅದು ಕೇಳಿಸುತ್ತಿತ್ತು.

"ಲೆಕ್ಕಕ್ಕೆ ಒಂದೇ ಪೆಟ್ಟಿಗೆ ಇದೆಯಲ್ಲ, ಸೂತ್ರ ಬರೆಯೋದು," ಎಂದು ಅವನೇ ತೋರಿಸಿಕೊಟ್ಟ. ಆ ಪೆಟ್ಟಿಗೆಯೊಳಗೆ ಸೂತ್ರವನ್ನು ಟೈಪ್ ಮಾಡಿದರೆ ಸಾಕು. ಸೂತ್ರದಲ್ಲಿ ಯಾವ ಹೆಸರು ಬರೆದರೂ ಪೆಟ್ಟಿಗೆಯ ಎಡಬದಿಯಲ್ಲಿ ಆ ಹೆಸರಿನ ಒಂದು ಕಿವಿ ಹುಟ್ಟುತ್ತದೆ. ಆ ಕಿವಿಗೆ ತಂತಿ ಸಿಕ್ಕಿಸಬೇಕು, ಅಷ್ಟೇ. ಕಂಬದ ತುಂಬ ಇದ್ದ ತಂತಿಗಳೆಲ್ಲ ಒಂದು ಸಾಲಿನೊಳಗೆ ಮಡಚಿಕೊಂಡವು:

ಎತ್ತರ × ಸೈನ್ (ಕಾಲ × ವೇಗ) + ಗಾಳಿ.

ಶಾಲೆಯಲ್ಲಿ ಸೈನ್ ಎಂದರೆ ನನಗೆ ತ್ರಿಕೋನದ ಒಂದು ಮೂಲೆ ಮತ್ತು ಅಂಗೈಯ ಬೆವರು. ಇಲ್ಲಿ ಅದು ಏರಿ ಇಳಿಯುವ ಉಸಿರಿನಂತಿತ್ತು. ಕಾಲ ಮುಂದೆ ಹೋದಂತೆ ಮೇಲೆ, ಕೆಳಗೆ, ಮತ್ತೆ ಮೇಲೆ. ಕೊನೆಯ ಗಾಳಿಯನ್ನು ಮಾತ್ರ ಸೂತ್ರ ತಾನಾಗಿ ಹುಟ್ಟಿಸಲಾರದು. ಅದಕ್ಕೆ ದಾಳದ ಪೆಟ್ಟಿಗೆಯಿಂದ ತಂತಿ ಎಳೆದಿದ್ದೆ. ಕೇಳಿದಾಗಲೆಲ್ಲ ದಾಳ ಉರುಳಿಸಿ ಯಾವುದೋ ಒಂದು ಚಿಕ್ಕ ಸಂಖ್ಯೆ ಕೊಡುವ ಪೆಟ್ಟಿಗೆ ಅದು. ಅದಿಲ್ಲದಿದ್ದರೆ ಲಾಂಚು ತೊಟ್ಟಿಲಿನಂತೆ ಒಂದೇ ಲಯದಲ್ಲಿ ತೂಗುತ್ತಿತ್ತು. ಹೂಗ್ಲಿ ಹಾಗೆ ತೂಗುವುದಿಲ್ಲ.

ಚೊಕ್ಕಟ ಮಾಡುವ ಭರದಲ್ಲಿ ನಾನು ಇನ್ನೊಂದು ಪೆಟ್ಟಿಗೆಯನ್ನೂ ತೆಗೆದುಹಾಕಿದ್ದೆ. ಸಂಜೆ ಕ್ಲಾಸಿನ ಸರ್ ಯಾವ ಉತ್ತರ ಬಂದರೂ ಮೊದಲು ಅದನ್ನು ಒಂದು ಡಬ್ಬಿಯಲ್ಲಿ ತೆಗೆದಿಡಿಸುತ್ತಿದ್ದರು, ಆಮೇಲೆ ಡಬ್ಬಿಯಿಂದ ಎಲ್ಲರಿಗೂ ಹಂಚಿಸುತ್ತಿದ್ದರು. ಏಕೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಈ ಡಬ್ಬಿ ಇಡುವ ಚಾಳಿ ನೋಡಿದರೆ ನಾನು ಎಲ್ಲಿ ಕಲಿತವಳೆಂದು ತಿಳಿದುಬಿಡುತ್ತದೆ ಎಂದು ನನಗೆ ನಾಚಿಕೆ. ಸೂತ್ರದ ಪೆಟ್ಟಿಗೆಯಿಂದ ನೇರವಾಗಿ ಎರಡು ತಂತಿ ಎಳೆದೆ, ಒಂದು ಲಾಂಚಿಗೆ, ಒಂದು ಜನರಿಗೆ. ನೋಡಲು ಎಷ್ಟು ಸ್ವಚ್ಛವಾಗಿತ್ತೆಂದರೆ, ಅದು ನಾನೇ ಮಾಡಿದ್ದೆಂದು ನಂಬಲಾಗಲಿಲ್ಲ.

ಅಂದಿನಿಂದ ಜನ ತೇಲತೊಡಗಿದರು. ನಾನು ಅದನ್ನು ಸೂತ್ರದ ತಪ್ಪೆಂದುಕೊಂಡೆ. ನನ್ನ ಗಣಿತದ ತಪ್ಪು. ಎತ್ತರ ಬದಲಿಸಿದೆ, ವೇಗ ಬದಲಿಸಿದೆ, ಆವರಣಚಿಹ್ನೆಗಳನ್ನು ಹಾಕಿ ತೆಗೆದೆ. ಜನರ ರೂಪ ಮಾಡಿದವನು ರಾಘವ್, ರಾಂಚಿಯ ಹುಡುಗ, ಚಿತ್ರ ಬರೆಯುವವನು. "ಪಾದದ ಕೆಳಗೆ ಏನಾದ್ರೂ ಖಾಲಿ ಬಿಟ್ಟಿದ್ದೀಯಾ?" ಎಂದು ಅವನನ್ನು ಕೇಳಿದೆ.

"ನನ್ನ ಜನರ ಕಾಲಿಗೆ ಏನೂ ಆಗಿಲ್ಲ ದೀದಿ," ಎಂದ ಅವನು. "ನಿಮ್ಮ ನೀರಿಗೆ ಏನೋ ಆಗಿದೆ."

*

ದಿನಾ ಬೆಳಿಗ್ಗೆ ಹೌರಾ ಘಾಟಿನಿಂದ ನಿಜವಾದ ಲಾಂಚು ಹತ್ತಿಯೇ ನಾನು ಕೆಲಸಕ್ಕೆ ಬರುವುದು. ಆ ವಾರ ನಾನು ನದಿ ನೋಡಲಿಲ್ಲ, ಜನರ ಪಾದ ನೋಡಿದೆ. ಚಪ್ಪಲಿಗಳು, ಒದ್ದೆ ಶೂಗಳು, ಬೆಳ್ಳಿ ಕಾಲುಂಗುರ. ಲಾಂಚು ಹೊರಳಿದರೆ ಎಲ್ಲ ಮೊಣಕಾಲುಗಳೂ ಒಟ್ಟಿಗೆ ಸ್ವಲ್ಪ ಬಾಗುತ್ತಿದ್ದವು, ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿ ನಿಂತ ಹೆಂಗಸು ನಾನು ನೋಡುವುದನ್ನು ಕಂಡು ಸೆರಗನ್ನು ಪಾದದ ಮೇಲೆಳೆದುಕೊಂಡಳು. ಕ್ಷಮಿಸಿ ಎನ್ನಬೇಕೆಂದುಕೊಂಡೆ. ಆದರೆ ಯಾವುದಕ್ಕೆ ಕ್ಷಮೆ ಎಂದು ಬಂಗಾಳಿಯಲ್ಲಿ ವಿವರಿಸುವುದು ನನ್ನಿಂದಾಗಲಿಲ್ಲ. ನಾನೇ ಬೇರೆ ಕಡೆಗೆ ಹೋಗಿ ನಿಂತೆ.

ಶುಕ್ರವಾರ ಬೆಳಿಗ್ಗೆ ಅಪ್ಪ ಚಹಾದ ಲೋಟ ಕೈಗೆ ಕೊಡುತ್ತ ಕೇಳಿದರು. "ಏನಾತವಾ, ನಿನ್ನ ಮಂದಿ ಕೆಳಗ ಇಳದರೇನ?"

"ಇಲ್ಲಪಾ. ಹಂಗ ತೇಲಾಕತ್ತಾರ."

"ಹ್ಞೂಂ." ಅವರು ಕಿಟಕಿಯ ಕಡೆ ನೋಡಿದರು. ಆಚೆ ಸಾಲಿನ ಕ್ವಾರ್ಟರ್ಸಿನಲ್ಲಿ ಯಾರೋ ಹಾಸಿಗೆ ಒಣಹಾಕುತ್ತಿದ್ದರು. "ನಾ ಎರಡ ಟಿಕೀಟ ತಗಸೇನಿ ನೋಡು. ನೀ ಬರೂದಾದರ ಇರಲಿ ಅಂತ. ಬರಲಿಕ್ಕರ ಏನಿಲ್ಲ, ರದ್ದ ಮಾಡಿಸಿದರಾತು."

"ನಾ ಬಂದರ ಚಲೋ ಅನ್ನಸ್ತದೇನ ನಿಮಗ?"

"ನನಗೇನ ಅನ್ನಸೂದೈತಿ ಅದರಾಗ?" ಎಂದರು ಅಪ್ಪ. "ನಿನ್ನ ಕೆಲಸ, ನಿನ್ನ ವಿಚಾರ. ಚಾ ಆರತೈತಿ, ಕುಡಿ."

ಅಪ್ಪ ಹೀಗೆಯೇ. ಬೇಕು ಎಂದು ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಕೇಳದೆ ಎರಡು ಟಿಕೀಟು ತೆಗೆಸಿದ್ದರು. ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯ ಮೇಲಿನ ಕೋಣೆ, ಬೆಳಿಗ್ಗೆ ಏಳುವಾಗ ಕೆಳಗೆ ಯಾರೋ ಯಾರನ್ನೋ ಬೈಯುವ ಸದ್ದು, ಅದೂ ನಮ್ಮ ಮಾತಿನಲ್ಲಿ. ನನಗೆ ಅದು ಬೇಡವೆಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಎಂಟನೆಯ ವಯಸ್ಸಿಗೆ ಹೌರಾಕ್ಕೆ ಬಂದವಳು. ಇಲ್ಲಿ ನನ್ನ ಜೊತೆ ಕನ್ನಡ ಮಾತಾಡುವವರು ಅಪ್ಪ ಒಬ್ಬರೇ. ಅವರು ರೈಲು ಹತ್ತಿದ ಮೇಲೆ ನನ್ನ ಕನ್ನಡ ಫೋನಿನಲ್ಲಿ ಮಾತ್ರ ಉಳಿಯುತ್ತದೆ. ಆದರೂ ಈ ಕೆಲಸ ಬಿಟ್ಟರೆ ನನ್ನಂಥವಳಿಗೆ ಇಂಥದ್ದು ಇನ್ನೊಂದು ಸಿಗುತ್ತದೆಂಬ ಧೈರ್ಯ ನನಗಿರಲಿಲ್ಲ. ಈಗಲೂ ಇಲ್ಲ.

*

ಶನಿವಾರದ ಓದು ನಮ್ಮ ಸ್ಟುಡಿಯೊದ ಪದ್ಧತಿ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಯಾವ ಪೆಟ್ಟಿಗೆಯಿಂದ ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಏನು ಹೇಳುತ್ತದೆ, ಬಾಯಿಮಾತಿನಲ್ಲಿ. ಮಾಡಿದವರು ತುಟಿ ಬಿಚ್ಚುವ ಹಾಗಿಲ್ಲ. ಓದಲು ಬಾರದ್ದು ಆಟದೊಳಗೆ ಹೋಗುವುದಿಲ್ಲ. ಮಿಹಿರ್ ಎಲ್ಲಿಂದ ಈ ಪದ್ಧತಿ ತಂದನೋ. ನಾವು ಮಾಡಿದ್ದನ್ನು ಬೇರೆಯವರ ಬಾಯಲ್ಲಿ ಕೇಳುವುದು ನಮ್ಮದೇ ಎಂಜಲು ತಟ್ಟೆಯನ್ನು ಎಲ್ಲರೂ ನೋಡಿದಂತೆ.

ಆ ದಿನ ಸಿಂಗಾಡಾ ತರಿಸಿದ್ದರು. ಬಂಗಾಳಿಗಳ ಸಮೋಸ, ಒಳಗೆ ಹೂಕೋಸು. ಸದ್ದು ಸಂಯೋಜಿಸುವ ವರ್ಷಿಣಿ ಎಂಬ ಹುಡುಗಿ ಫೋನು ನೋಡುತ್ತ ತಿನ್ನುತ್ತಿದ್ದಳು.

"ರೊಕ್ಖಾ ದೀ ಮಾಡಿದ್ದನ್ನ ಯಾರು ಓದ್ತೀರಾ?" ಎಂದ ಮಿಹಿರ್.

ಯಾರೂ ಕೈ ಎತ್ತಲಿಲ್ಲ. ಲೆಕ್ಕದ ಪೆಟ್ಟಿಗೆ ಓದಲು ಯಾರಿಗೆ ಇಷ್ಟ?

"ಸರಿ, ರಾಘವ್. ನಿನ್ನ ಜನ ತಾನೇ ಹಾರ್ತಿರೋದು, ನೀನೇ ಓದು."

"ನನಗೆ ಸೈನು ಗೀನು ಬರಲ್ಲ ಭಾಯ್."

"ಬರೋ ಹಾಗೆ ಓದು. ಅದಕ್ಕೇ ಅಲ್ವಾ ಈ ಓದು ಇರೋದು?"

ರಾಘವ್ ಬೆರಳಿನ ಎಣ್ಣೆಯನ್ನು ಪೇಪರಿಗೆ ಒರೆಸಿ ಪರದೆಯ ಹತ್ತಿರ ಹೋದ. ಬೆರಳಿಟ್ಟು, ಬಾಲವಾಡಿ ಮಗುವಿನಂತೆ ಓದತೊಡಗಿದ.

"ಬಿಳಿ ತಂತಿ, ಅಂದ್ರೆ ಈಗ ಯಾರ ಸರದಿ ಅಂತ ಹೇಳೋದು, ಮೊದಲು ಲಾಂಚಿನ ಹತ್ರ ಬರುತ್ತೆ. 'ಏಯ್ ಲಾಂಚು, ಸರಿಯಾಗಿ ನಿಲ್ಲು' ಅನ್ನುತ್ತೆ. ಲಾಂಚು ಹಿಂದೆ ತಿರುಗಿ ಈ ಸೂತ್ರದಣ್ಣನ್ನ ಕೇಳುತ್ತೆ, 'ಅಣ್ಣಾ, ಎಷ್ಟು ಎತ್ತರ?' ಅಣ್ಣ ಪಾಪ ಅವನಿಗೇನು ಗೊತ್ತು. 'ಕಾಲ ಎಷ್ಟಾಯ್ತು? ವೇಗ ಎಷ್ಟು?' ಅಂತ ಹಿಂದಿನವರನ್ನ ಕೇಳ್ತಾನೆ. 'ಗಾಳಿ ಎಷ್ಟು?' ಅಂತ ದಾಳದವನನ್ನ ಕೇಳ್ತಾನೆ. ದಾಳದವನು ದಾಳ ಉರುಳಿಸ್ತಾನೆ. ಉತ್ತರ ಬಂತು. ಲಾಂಚು ನಿಂತಿತು."

"ಆಹಾ," ಎಂದಳು ವರ್ಷಿಣಿ, ಫೋನಿನಿಂದ ತಲೆ ಎತ್ತದೆ. "ರೇಡಿಯೊ ನಾಟಕ."

"ಸುಮ್ನಿರು. ಆಮೇಲೆ ಬಿಳಿ ತಂತಿ ಜನರ ಹತ್ರ ಹೋಗುತ್ತೆ. 'ಏಯ್ ಜನಗಳೇ, ನೀವೂ ನಿಲ್ಲಿ.' ಜನ ಹಿಂದೆ ತಿರುಗಿ ಕೇಳ್ತಾರೆ, 'ಅಣ್ಣಾ, ನಾವೆಷ್ಟು ಎತ್ತರ?' ಅಣ್ಣ ಮತ್ತೆ ಕಾಲ ಕೇಳ್ತಾನೆ, ವೇಗ ಕೇಳ್ತಾನೆ, ಗಾಳಿ ಕೇಳ್ತಾನೆ. ದಾಳದವನು ದಾಳ ಉರುಳಿಸ್ತಾನೆ. ಉತ್ತರ ಬಂತು. ಜನ ನಿಂತ್ರು. ಮುಗೀತು. ನಾನು ಪಾಸಾ?"

ನನ್ನ ಕೈಯಲ್ಲಿದ್ದ ಸಿಂಗಾಡಾ ಕೈಯಲ್ಲೇ ಉಳಿಯಿತು.

ದಾಳ ಎರಡು ಸಲ ಉರುಳಿತ್ತು. ಒಂದು ಪೆಟ್ಟಿಗೆಯಿಂದ ಎರಡು ತಂತಿ ಎಳೆದರೆ ಒಂದೇ ಉತ್ತರ ಎರಡು ಕಡೆಗೆ ಹರಿಯುತ್ತದೆಂದು, ನಲ್ಲಿಯ ನೀರು ಹರಿದಂತೆ, ನಾನು ನಂಬಿದ್ದೆ. ಹಾಗಲ್ಲ. ಕೇಳಿದವರಿಗೆಲ್ಲ ಪೆಟ್ಟಿಗೆ ಹೊಸದಾಗಿ ಲೆಕ್ಕ ಮಾಡಿ ಹೇಳುತ್ತಿತ್ತು. ಲಾಂಚಿಗೆ ಒಂದು ಗಾಳಿ, ಜನರಿಗೆ ಇನ್ನೊಂದು ಗಾಳಿ. ಸೂತ್ರದಲ್ಲಿ ತಪ್ಪೇ ಇರಲಿಲ್ಲ. ನಾನು ನಾಚಿಕೆಯಿಂದ ಕಿತ್ತುಹಾಕಿದ ಆ ಡಬ್ಬಿಯ ಕೆಲಸವೇ ಇದು. ಉತ್ತರವನ್ನು ಒಂದು ಸಲ ತೆಗೆದಿಟ್ಟರೆ ಇಬ್ಬರಿಗೂ ಅದೇ ಸಿಗುತ್ತದೆ.

ನಾನು ಸುತ್ತ ನೋಡಿದೆ. ಯಾರ ಮುಖದಲ್ಲೂ ಏನೂ ಇರಲಿಲ್ಲ. ಮಿಹಿರ್ ಗಲ್ಲ ಕೆರೆದುಕೊಂಡ.

"ಓದೋಕೇನೋ ಬಂತು. ಸೂತ್ರಾನೂ ಸರಿಯಾಗೇ ಇದೆ. ಮತ್ತೆ ಯಾಕೆ ಹಾರ್ತಾರೆ ಇವರು?" ಅವನು ಸ್ವಲ್ಪ ಹೊತ್ತು ಪರದೆ ನೋಡಿದ. "ನನಗಂತೂ ಗೊತ್ತಾಗ್ತಿಲ್ಲ. ಬಿಡಿ, ಇದರ ಮೇಲೆ ಇನ್ನೂ ವಾರ ಕಳೆಯೋಕಾಗಲ್ಲ. ಕಟ್ಟಿಹಾಕೋಣ ಲಾಂಚನ್ನ. ಬೇಜಾರು ಮಾಡ್ಕೋಬೇಡಿ ರೊಕ್ಖಾ ದೀ, ನೀವು ತುಂಬ ಕಷ್ಟಪಟ್ಟಿದ್ದೀರಿ. ಏನಾದ್ರೂ ಹೇಳೋದಿದೆಯಾ?"

ಓದು ಮುಗಿದಿತ್ತು. ಈಗ ನಾನು ಮಾತಾಡಬಹುದಿತ್ತು.

ಇಲ್ಲ ಎಂದರೆ ಮುಗಿದುಹೋಗುತ್ತಿತ್ತು. ಅದು ಸುಳ್ಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಕೈಲಾದಷ್ಟು ಮಾಡಿದೆ, ಆಗಲಿಲ್ಲ, ಅಪ್ಪನ ಜೊತೆ ಹೊರಟೆ. ಎಷ್ಟು ಹಗುರವಾದ ಮಾತು. ನಾನು ಬಿಟ್ಟುಹೋದೆನೆಂದು ಯಾರೂ ಅನ್ನುವಂತಿಲ್ಲ, ನಾನು ಕೂಡ. ಅಪ್ಪ ಎರಡನೆಯ ಟಿಕೀಟನ್ನು ರದ್ದು ಮಾಡಿಸಬೇಕಿಲ್ಲ. ರೈಲಿನಲ್ಲಿ ಎದುರುಬದುರು ಕೂತು ಅವರು ಪೇಪರ್ ಓದುತ್ತಾರೆ, ನಾನು ಕಿಟಕಿ ನೋಡುತ್ತೇನೆ. ನನಗೆ ನಿಜವಾಗಿಯೂ ಆಸೆಯಾಯಿತು. ಬಾಯಿ ತೆರೆದಾಗ ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಪರದೆಯ ಮೇಲೆ ಆಟ ಓಡುತ್ತಲೇ ಇತ್ತು. ಪೇಪರ್ ಓದುವ ಮುದುಕ ಒಂದು ಗೇಣು ಮೇಲೆ ನಿಂತು ನಡುಗುತ್ತಿದ್ದ. ಗೊತ್ತಿದ್ದೂ ಅವನನ್ನು ಹಾಗೆ ಬಿಡಲು ನನ್ನ ಕೈಲಾಗಲಿಲ್ಲ. ಇದನ್ನು ಒಳ್ಳೆಯತನ ಎಂದುಕೊಳ್ಳಬೇಡಿ. ಗೋಡೆಯ ಪಟ ಸೊಟ್ಟಗಿದ್ದರೆ ಬೇರೆಯವರ ಮನೆಯಲ್ಲೂ ಎದ್ದು ಹೋಗಿ ನೆಟ್ಟಗೆ ಮಾಡುವ ಜಾತಿ ನನ್ನದು.

"ದಾಳ ಎರಡು ಸಲ ಉರುಳ್ತಿದೆ," ಎಂದೆ.

"ಏನು?"

"ರಾಘವ್ ಓದಿದ್ನಲ್ಲ. ಲಾಂಚು ಕೇಳಿದಾಗ ಒಂದು ಸಲ, ಜನ ಕೇಳಿದಾಗ ಇನ್ನೊಂದು ಸಲ. ಎರಡು ಬೇರೆ ಬೇರೆ ಗಾಳಿ. ಉತ್ತರ ಮೊದಲು ಒಂದು ಕಡೆ ತೆಗೆದಿಡಬೇಕಿತ್ತು. ನಾನು ತೆಗೆದಿಡಲಿಲ್ಲ."

ಮಿಹಿರ್ ಹಣೆಗೆ ಹೊಡೆದುಕೊಂಡ. "ಇಶ್! ಕಣ್ಣೆದುರೇ ಇತ್ತಲ್ಲ!" ಅವನು ಕುರ್ಚಿ ಬಿಟ್ಟುಕೊಟ್ಟ. "ಮಾಡಿ, ಮಾಡಿ, ಈಗಲೇ ಮಾಡಿ."

ನಾನು ಕೂತೆ. ಸೂತ್ರದ ಪೆಟ್ಟಿಗೆಯ ಮುಂದೆ ಒಂದು ಡಬ್ಬಿ ಇಟ್ಟೆ. ಉತ್ತರ ಡಬ್ಬಿಗೆ, ಡಬ್ಬಿಯಿಂದ ಲಾಂಚಿಗೆ, ಅದೇ ಡಬ್ಬಿಯಿಂದ ಜನರಿಗೆ. ಆಟ ಓಡಿಸಿದಾಗ ಲಾಂಚು ಎದ್ದಿತು, ಜನ ಎದ್ದರು. ಲಾಂಚು ಇಳಿಯಿತು, ಜನ ಇಳಿದರು. ಮುದುಕನ ಚಪ್ಪಲಿ ಹಲಗೆಯ ಮೇಲೆ ಕೂತಿತ್ತು.

"ನನ್ನ ಜನರ ಕಾಲಿಗೆ ಏನೂ ಆಗಿಲ್ಲ ಅಂದಿದ್ದೆ ತಾನೇ?" ಎಂದ ರಾಘವ್.

"ಈಗ ಗೋಂದು ಹಚ್ಚಿ ನಿಲ್ಲಿಸಿದ ಹಾಗಿದ್ದಾರೆ," ಎಂದಳು ವರ್ಷಿಣಿ.

"ಇರಲಿ, ಹಾರೋದಕ್ಕಿಂತ ವಾಸಿ," ಎಂದ ಮಿಹಿರ್. ಆಮೇಲೆ ನನ್ನ ಕಡೆ ತಿರುಗಿ, ಇನ್ನೊಂದು ಸಿಂಗಾಡಾ ತಗೊಳ್ಳಿ ಎನ್ನುವ ದನಿಯಲ್ಲೇ, "ಮುಂದಿನ ತಿಂಗಳಿಂದ ಪರ್ಮನೆಂಟ್, ಆಯ್ತಾ?" ಎಂದ.

ನಾನು ಆಯ್ತು ಎಂದೆ. ಅವರು ಮುಂದಿನ ಓದಿಗೆ ಹೋದರು.

*

ಸಂಜೆ ಲಾಂಚಿನಲ್ಲಿ ಹಿಂದಿರುಗುವಾಗ ಯಾರಿಗಾದರೂ ಹೇಳಬೇಕೆನ್ನಿಸಿತು. ಪಕ್ಕದವನು ಕಡಲೆಕಾಯಿ ಬಿಡಿಸುತ್ತಿದ್ದ. ಸೇತುವೆಯ ಮೇಲೆ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಹೇಳುವುದಾದರೂ ಏನು? ದಾಳ ಎರಡು ಸಲ ಉರುಳುತ್ತಿತ್ತು, ಈಗ ಒಂದೇ ಸಲ ಉರುಳುತ್ತದೆ. ಅದಕ್ಕೆ ನಾನು ಈ ಊರಿನಲ್ಲಿ ಒಬ್ಬಳೇ ಉಳಿಯುತ್ತೇನೆ.

ಅಪ್ಪ ನೆಲದ ಮೇಲೆ ಕೂತು ಸ್ಟೀಲಿನ ಪಾತ್ರೆಗಳಿಗೆ ಹಳೆಯ ಪೇಪರು ಸುತ್ತುತ್ತಿದ್ದರು. ನಾನು ಚಪ್ಪಲಿ ಬಿಚ್ಚುವ ಮೊದಲೇ ಹೇಳಿಬಿಟ್ಟೆ. ಹೇಳದೆ ಒಳಗೆ ಹೋದರೆ ಆಮೇಲೆ ಹೇಳಲಾರೆ ಎನ್ನಿಸಿತ್ತು.

ಅಪ್ಪ ಕೈಯಲ್ಲಿದ್ದ ಪಾತೇಲಿಗೆ ಪೇಪರು ಸುತ್ತಿ ಮುಗಿಸಿದರು. ಮೂಲೆ ಮಡಚಿದರು.

"ಚಲೋ ಆತಲ್ಲ," ಎಂದರು.

"ಹ್ಞೂಂ."

"ಮಂದಿ ಈಗ ನೆಟ್ಟಗ ನಿಂತರೇನ?"

"ನಿಂತರು. ನೋಡ್ತೀರೇನ?"

ಫೋನಿನಲ್ಲಿ ತೋರಿಸಿದೆ. ಅಪ್ಪ ಕನ್ನಡಕವನ್ನು ಹಣೆಗೇರಿಸಿ ಪರದೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಲಾಂಚು ಈ ದಡದಿಂದ ಆ ದಡಕ್ಕೆ ಹೋಯಿತು. ಅವರು ಇನ್ನೊಮ್ಮೆ ಹಾಕೆಂದರು. ಮತ್ತೆ ಹೋಯಿತು.

"ಇದರಾಗ ನೀ ಎಲ್ಲಿದ್ದಿ?"

"ನಾ ಇಲ್ಲಪಾ ಇದರಾಗ. ನಾ ಮಾಡಿದಾಕಿ."

"ಹೌದೌದು," ಎಂದರು ಅಪ್ಪ, ತಪ್ಪು ಪ್ರಶ್ನೆ ಕೇಳಿದವರಂತೆ. ಫೋನು ಹಿಂದಕ್ಕೆ ಕೊಟ್ಟು, ಕಟ್ಟಿದ್ದ ಒಂದು ಗಂಟನ್ನು ಬಿಚ್ಚತೊಡಗಿದರು. ಒಂದು ತಟ್ಟೆ, ಎರಡು ಲೋಟ, ಸಣ್ಣ ಕುಕ್ಕರು ಹೊರಗೆ ಬಂದವು. ಎರಡನೆಯ ಲೋಟವನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದು, ಅದನ್ನೂ ನನ್ನ ಕಡೆಗೇ ಇಟ್ಟರು. "ಯಾರರೆ ಬಂದರ ಬೇಕಾಕ್ಕೈತಿ."

ಮರುದಿನ ಭಾನುವಾರ. ಇಬ್ಬರೂ ದಕ್ಷಿಣೇಶ್ವರಕ್ಕೆ ನನಗೊಂದು ಬಾಡಿಗೆ ಕೋಣೆ ನೋಡಲು ಹೋದೆವು. ದೇವಸ್ಥಾನದಿಂದ ಎರಡು ಗಲ್ಲಿ ಆಚೆ, ಮಹಡಿಯ ಮೇಲೆ ಒಂದು ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ. ಮಾಲಕಿ ವಯಸ್ಸಾದ ವಿಧವೆ. ಎಲ್ಲರೂ ಕರೆಯುವಂತೆ ನಾನೂ ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆದೆ. ಅವರು ಕೆಳಗೆ ಇರುತ್ತಾರೆ. ಅಪ್ಪ ನಲ್ಲಿ ತಿರುಗಿಸಿದರು, ಕಿಟಕಿಯ ಚಿಲಕ ಎಳೆದರು, ಬಾಗಿಲಿನ ಹಿಂದೆ ಗೋಡೆಯನ್ನು ಮುಟ್ಟಿ ತೇವ ನೋಡಿದರು. ಆಮೇಲೆ ಒಮ್ಮೆಲೇ, "ರೊಟ್ಟಿ ಬಡದರ ನಡೀತದೇನ ಕೇಳು," ಎಂದರು.

"ಏನು?"

"ಜ್ವಾಳದ ರೊಟ್ಟಿ. ಬಡಿಯೂ ಮುಂದ ಸಪ್ಪಳಾಕ್ಕೈತಲ್ಲ. ಆಕಿ ಕೆಳಗ ಇರ್ತಾಳ. ನಾಳೆ ಜಗಳಕ್ಕ ಬರಬಾರದು. ಕೇಳು."

ನಾನು ಬಂಗಾಳಿಯಲ್ಲಿ ಕೇಳಿದೆ. ಮಾಶಿಮಾಗೆ ಅರ್ಥವಾಗಲಿಲ್ಲ. ರೊಟ್ಟಿಯನ್ನು ಲಟ್ಟಿಸುತ್ತಾರೆ, ಅದರಲ್ಲಿ ಸದ್ದೇನು? ಅಂಗೈಯಿಂದ ಬಡಿಯುವುದು ಎಂದು ಗಾಳಿಯಲ್ಲಿ ಬಡಿದು ತೋರಿಸಿದೆ. ಅವರು ನಕ್ಕರು. "ಓ ಮಾ! ರೊಟ್ಟಿ ಮಾಡ್ತೀಯೋ, ರೊಟ್ಟಿಗೆ ಬುದ್ಧಿ ಕಲಿಸ್ತೀಯೋ? ಬಡಿ ನೋಡೋಣ, ಕೆಳಗೆ ಕೇಳಿಸಿದ್ರೆ ಹೇಳ್ತೀನಿ."

"ನಾನೂ ಕೆಳಗ ಹೋಗಿ ಕೇಳ್ತೀನಿ," ಎಂದರು ಅಪ್ಪ. "ನೀ ಬಡಿ."

ಇಬ್ಬರೂ ಮೆಟ್ಟಿಲಿಳಿದು ಹೋದರು. ಕಚೇರಿಯಲ್ಲಿ ಹಿಂದಿಯಲ್ಲೇ ದಿನ ಕಳೆದ ಅಪ್ಪನಿಗೆ ಬಂಗಾಳಿ ಅರ್ಧಂಬರ್ಧ, ಮಾಶಿಮಾಗೆ ಕನ್ನಡ ಬಾರದು, ಆದರೂ ಏನೋ ಹೇಳಿಕೊಳ್ಳುತ್ತ ಇಳಿಯುತ್ತಿದ್ದರು. ಕೋಣೆಯಲ್ಲಿ ಹಿಟ್ಟಿರಲಿಲ್ಲ, ರೊಟ್ಟಿ ಬಡಿಯುವ ಕೊಣಮಿಗೆಯೂ ಇರಲಿಲ್ಲ. ನಾನು ಖಾಲಿ ನೆಲದ ಮೇಲೆ ಮಂಡಿಯೂರಿ, ರೊಟ್ಟಿ ಇದೆಯೆಂದುಕೊಂಡು, ಅಂಗೈಯಿಂದ ಬಡಿಯತೊಡಗಿದೆ. ಟಪ್ ಟಪ್ ಟಪ್. ಗುಂಡಗೆ ತಿರುಗಿಸುತ್ತ, ಅಂಚು ಸವರುತ್ತ. ನುಣ್ಣಗಿನ ತಣ್ಣಗಿನ ನೆಲ. ಬಿಳಿ ಸುಣ್ಣದ ಗೋಡೆಗಳಿಗೆ ತಾಗಿ ಸದ್ದು ಹಿಂದಕ್ಕೆ ಬರುತ್ತಿತ್ತು.

"ಕೇಳಸ್ತೈತೇನಪಾ?" ಎಂದು ಕೂಗಿದೆ.

ನಾನು ನಿಲ್ಲಿಸಿ ಕಿವಿಗೊಟ್ಟೆ. ಬೀದಿಯಲ್ಲಿ ಟೋಟೊ ರಿಕ್ಷಾ ಒಂದು ಹಾರ್ನ್ ಹಾಕಿ ಹೋಯಿತು. ಕೆಳಗೆ ಮಾಶಿಮಾ ಏನೋ ಅಂದರು, ಅಪ್ಪ ಅದಕ್ಕೆ ಹ್ಞೂಂ ಎಂದರು. ಆಮೇಲೆ ಅಪ್ಪನ ದನಿ ಮೆಟ್ಟಿಲೇರಿ ಬಂತು.

"ಕೇಳಸ್ತೈತವಾ. ಆಕೀಗೇನೂ ತ್ರಾಸಿಲ್ಲಂತ."

"ಹಂಗಾರ ಸಾಕೇನ?"

"ಇನ್ನೊಂದೀಟ ಬಡಿ," ಎಂದರು.

ನಾನು ಮತ್ತೆ ನೆಲಕ್ಕೆ ಕೈ ಹಚ್ಚಿದೆ.